ಮೆಟ್ನರನ ಕೃತಿಗಳ ಧ್ವನಿಮುದ್ರಣವೂ ಮೈಸೂರರಮನೆಯ ದ್ರವ್ಯವೂ

ಐರೋಪ್ಯ ಸಂಗೀತದ ಚರಿತ್ರೆಯಲ್ಲಿ ಮೈಸೂರಿನ ಹೆಸರು ಸ್ಥಿರವಾಗಿ ನಿಂತಿರುವುದು ಮುಖ್ಯವಾಗಿ ಒಂದು ಸಂದರ್ಭದಿಂದ. ರಷ್ಯಾ ದೇಶದ ನಿಕೊಲಾಯ್ ಮೆಟ್ನರನು ತನ್ನ ಕೃತಿಗಳನ್ನು ತಾನೇ ಪಿಯಾನೋವಿನಲ್ಲಿ ನುಡಿಸಿ ಗ್ರಾಮಫೋನು ತಟ್ಟೆಗಳಲ್ಲಿ ಉಳಿಸಿ ಹೋದುದು ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರವರ ದ್ರವ್ಯಸಹಾಯದಿಂದ ಎಂಬುದು ಸಂಗೀತಜ್ಞರಿಗೆ ವಿದಿತವಾದ ವಿಷಯವೇ ಆಗಿದೆ. ಆದರೆ ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಇದನ್ನೊಂದು ರಾಜವಿನೋದವೆಂಬಂತೆ ಚಿತ್ರಿಸುವರು. ದೂರದೇಶದ ಐಶ್ವರ್ಯವಂತನಾದ ಅರಸನೊಬ್ಬನು ಬಡ ಸಂಗೀತಗಾರನ ಬಾಗಿಲಿಗೆ ಹಠಾತ್ತಾಗಿ ಹೊನ್ನಿನ ಚೀಲವನ್ನು ಕಳುಹಿಸಿದನೆಂಬ ಕಥೆಯು ಕೇಳುವುದಕ್ಕೆ ಇಂಪಾದುದೇ. ಕಾಲಕ್ರಮವನ್ನಿಟ್ಟು ನೋಡಿದರೆ ವಿಷಯವು ಅಷ್ಟು ಸರಳವಾಗಿ ತೋರುವುದಿಲ್ಲ.

ಮೆಟ್ನರನು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು; ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ೧೯೦೦ರಲ್ಲಿ ಹೊರಬಂದನು. ನಮ್ಮ ವಾಗ್ಗೇಯಕಾರನೆಂಬ ಮಾತು ಇವನಿಗೆ ಸರಿಯಾಗಿ ಹೊಂದುವುದಿಲ್ಲ. ಏಕೆಂದರೆ ಇವನ ರಚನೆಗಳಲ್ಲಿ ಬಹುಭಾಗವು ಮಾತಿಲ್ಲದ ವಾದ್ಯಸಂಗೀತ. ರಷ್ಯಾದ ಕ್ರಾಂತಿಯಾದ ಮೇಲೆ ೧೯೨೧ರಲ್ಲಿ ದೇಶವನ್ನು ಬಿಟ್ಟು, ಜರ್ಮನಿ ಫ್ರಾನ್ಸುಗಳಲ್ಲಿ ಕೆಲಕಾಲ ಕಳೆದು, ೧೯೩೫ರಲ್ಲಿ ಲಂಡನ್ನಿನಲ್ಲಿ ನೆಲೆಸಿದನು. ಸುಪ್ರಸಿದ್ಧನಾದ ರಾಖ್ಮಾನಿನೋಫನು ಇವನಿಗೆ ಆಪ್ತಮಿತ್ರ. ಇಬ್ಬರೂ ಪರಸ್ಪರ ಒಂದೊಂದು ಕೃತಿಯನ್ನು ಅಂಕಿತ ಮಾಡಿಕೊಂಡಿದ್ದರು. ಆದರೆ ಮಿತ್ರನಿಗೆ ಒದಗಿದ ಜನಾದರವು ಇವನಿಗೆ ಒದಗಲಿಲ್ಲ. ಹೊಸ ಶೈಲಿಗಳನ್ನು ಮೆಚ್ಚದೆ, ಹಳೆಯ ವ್ಯಾಕರಣವನ್ನು ಬಿಡಲೊಲ್ಲದೆ ಇದ್ದುದರಿಂದ ಆ ಕಾಲದ ಕೇಳುಗರು ಇವನನ್ನು ಹಿಂದುಳಿದವನೆಂದೇ ಎಣಿಸಿದರು. ಯುದ್ಧಕಾಲದಲ್ಲಿ ಲಂಡನ್ನನ್ನು ಬಿಟ್ಟು ವಾರಿಕ್‌ಷೈರ್ ಪ್ರಾಂತದಲ್ಲಿ ಶಿಷ್ಯೆಯೊಬ್ಬಳ ಮನೆಯವರ ಆಶ್ರಯದಲ್ಲಿರಬೇಕಾಯಿತು. ೧೯೪೨ರಲ್ಲಿ ಹೃದಯರೋಗವೂ ಬಂದಿತು. ಈ ಸ್ಥಿತಿಯಲ್ಲಿಯೇ ಅವನು ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು, ಎಂದರೆ ಒಂಟಿ ವಾದ್ಯವೂ ವಾದ್ಯವೃಂದವೂ ಸಂವಾದಿಸುವ ದೀರ್ಘಕೃತಿಯನ್ನು, ಮುಗಿಸಿದನು. ಅದನ್ನು ೧೯೪೪ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದನು. ವೃಂದದ ನಾಯಕತ್ವ ಆಡ್ರಿಯನ್ ಬೋಲ್ಟನದು.

ಈ ಮೂರನೆಯ ಕನ್ಸರ್ಟೊವು ಮೈಸೂರು ಮಹಾರಾಜರಿಗೆ ಅಂಕಿತವಾಗಿದೆ. ಅದರಿಂದ ಇದು ಮಹಾರಾಜರ ಅಪ್ಪಣೆಯಂತೆ ರಚಿತವಾದುದೆಂದು ಊಹಿಸುವುದು ಸರಿಯಲ್ಲ. ಕೃತಿಯು ಪೂರ್ಣವಾದುದು ೧೯೪೩ರಲ್ಲಿ. ಮೈಸೂರಿನ ನೆರವು ಮೆಟ್ನರನನ್ನು ಮುಟ್ಟಿದುದು ಯುದ್ಧವು ಮುಗಿದ ಮೇಲೆ, ೧೯೪೬ರ ಸುಮಾರಿನಲ್ಲಿ. ಆದುದರಿಂದ ಅಂಕಿತವು ಕೃತಜ್ಞತೆಯ ಕಾಣಿಕೆಯೇ ಹೊರತು ಆಸ್ಥಾನಕವಿಯು ಸಲ್ಲಿಸುವ ಒಪ್ಪಿಗೆಯಲ್ಲ.

ಇನ್ನು ದಾತೃವಿನ ವಿಷಯ. ಜಯಚಾಮರಾಜೇಂದ್ರ ಒಡೆಯರವರು ೧೯೧೯ರಲ್ಲಿ ಜನಿಸಿದರು. ೧೯೪೦ರ ಮಾರ್ಚಿಯಲ್ಲಿ ತಂದೆಯವರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರೂ, ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ತೀರಿಕೊಂಡುದರಿಂದ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಪಟ್ಟವೇರಬೇಕಾಯಿತು. ಪಿಯಾನೋವಾದಕರಾಗಬೇಕೆಂಬ ಹಂಬಲವಿದ್ದವರು ಸಿಂಹಾಸನವನ್ನೇರಿದರೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ೧೯೪೫ರಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಅರಮನೆಯಲ್ಲಿ ಕರ್ಣಾಟಕ ವಿದ್ವಾಂಸರ ಗೋಷ್ಠಿಯ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದಿತು. ಮೈಸೂರು ವಾಸುದೇವಾಚಾರ್ಯರಲ್ಲಿ ಅಭ್ಯಾಸಮಾಡಿ, ಶ್ರೀವಿದ್ಯಾ ಎಂಬ ಮುದ್ರೆಯಿಂದ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದವರೂ ಇವರೇ. ಮೆಟ್ನರನ ಗಹನವಾದ, ಜನಪ್ರಿಯವಲ್ಲದ ಶೈಲಿಯನ್ನು ಆರಿಸಿಕೊಂಡುದರ ಹಿಂದೆ ಇಂತಹ ವ್ಯಾಸಂಗವಿದ್ದಿತೆಂಬುದನ್ನು ಮರೆಯಲಾಗದು. ವಿನೋದಕ್ಕಾಗಿ ಹಣ ಚೆಲ್ಲುವವರು ಇಂತಹವನನ್ನು ಆರಿಸುವುದಿಲ್ಲ.

ಧ್ವನಿಮುದ್ರಣದ ಕಾರ್ಯವು ಆ ಕಾಲದಲ್ಲಿ ಎಷ್ಟು ಶ್ರಮಸಾಧ್ಯವಾಗಿದ್ದಿತೆಂಬುದನ್ನು ಇಲ್ಲಿ ವಿವರಿಸುವುದು ಅವಶ್ಯಕ. ನಾದವನ್ನು ಮೇಣದ ಫಲಕದ ಮೇಲೆ ಕೊರೆದು, ಅದರಿಂದ ಲೋಹದ ಅಚ್ಚನ್ನು ತೆಗೆದು, ಅರಗು ಮತ್ತು ಖನಿಜದ ಪುಡಿಗಳನ್ನು ಬೆರೆಸಿದ ಮುದ್ದೆಯಲ್ಲಿ ತಟ್ಟೆಗಳನ್ನು ಒತ್ತುತ್ತಿದ್ದರು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹನ್ನೆರಡಂಗುಲದ ತಟ್ಟೆಯ ಒಂದು ಪಕ್ಕದಲ್ಲಿ ನಾಲ್ಕು ನಾಲ್ಕೂವರೆ ನಿಮಿಷದ ಸಂಗೀತವು ಮಾತ್ರ ಹಿಡಿಯುವುದು. ಹತ್ತಂಗುಲದ್ದಾದರೆ ಮೂರೇ ನಿಮಿಷ. ಅರ್ಧ ಗಂಟೆಗೆ ಮಿಗಿಲಾದ ಕನ್ಸರ್ಟೊವನ್ನು ತುಂಬಲು ಕನಿಷ್ಠ ಏಳೆಂಟು ಪಕ್ಕಗಳು ಬೇಕು. ನಡುವೆ ಒಂದು ಸ್ವರ ತಪ್ಪಿದರೂ ತಿದ್ದುವ ಉಪಾಯವಿಲ್ಲ. ಆ ಪಕ್ಕವನ್ನೇ ಮೊದಲಿನಿಂದ ನುಡಿಸಬೇಕು. ಅರುವತ್ತೇಳು ವರ್ಷದ ಹೃದ್ರೋಗಿಯೊಬ್ಬನು ಇದನ್ನು ದಿನದಿನವೂ ಮಾಡಿದನೆಂಬುದನ್ನು ನೆನೆದುಕೊಂಡರೆ ಈ ತಟ್ಟೆಗಳ ಬೆಲೆಯು ತಿಳಿಯುವುದು. (ಅರಗಿನ ಮಾತು ಬಂದುದರಿಂದ ಇಷ್ಟನ್ನು ಸೇರಿಸಬಹುದು: ಜಗತ್ತಿನ ತಟ್ಟೆಗಳಿಗೆ ಬೇಕಾದ ಅರಗು ಬಹುಪಾಲು ಹಿಂದೂದೇಶದ ಛೋಟಾನಾಗಪುರದ ಕಡೆಯದು. ಕೋಲಾರ ಸೀಮೆಯ ಕುರುಚಲು ಕಾಡುಗಳಲ್ಲಿ ಬೆಳೆಯುವ ಜಾಲಾರಿ ಮರದ ಮೇಲೆಯೂ ಅರಗಿನ ಹುಳುವುಂಟು.)

ಇದೇ ಇಕ್ಕಟ್ಟನ್ನು ಬೇರೊಬ್ಬ ರಚಕನು ಹೇಗೆ ಎದುರಿಸಿದನೆಂದು ಹೋಲಿಸಿ ನೋಡಬಹುದು. ಅಮೆರಿಕದ ಜಾಜ಼್ ವಾದ್ಯಮೇಳದ ನಾಯಕನಾದ ಡ್ಯೂಕ್ ಎಲಿಂಗ್ಟನನು ೧೯೨೬ರಿಂದ ನ್ಯೂಯಾರ್ಕಿನಲ್ಲಿ ಮಾಡಿಸಿದ ಆರಂಭದ ಮುದ್ರಣಗಳಲ್ಲಿ ಪ್ರತಿಯೊಂದು ರಚನೆಯನ್ನೂ ಮೂರು ನಿಮಿಷದ ಪಾತ್ರೆಗೆ ತಕ್ಕಂತೆಯೇ ಅಳೆದು ಕೂಡಿಸಿದನು. ೧೯೩೧ರಲ್ಲಿ ತಟ್ಟೆಯ ಎರಡು ಪಕ್ಕಗಳಿಗೂ, ೧೯೩೫ರಲ್ಲಿ ತಾಯಿಯು ತೀರಿಕೊಂಡ ಮೇಲೆ ನಾಲ್ಕು ಪಕ್ಕಗಳಿಗೂ ಒಂದೊಂದು ರಚನೆಯನ್ನು ಬೆಳೆಸಿದನು. ಆದರೆ ಅವನ ತಟ್ಟೆಗಳಿಗೆ ಕೊಳ್ಳುವವರಿದ್ದರು. ನೃತ್ಯಶಾಲೆಗಳೂ ರೇಡಿಯೋ ಕೇಂದ್ರಗಳೂ ಅವನನ್ನು ಪೋಷಿಸಿದುವು. ಮೆಟ್ನರನಿಗೆ ಪೇಟೆಯೂ ಇರಲಿಲ್ಲ, ಮೂರು ನಿಮಿಷಕ್ಕೆ ಇಳಿಯುವ ಮನಸ್ಸೂ ಇರಲಿಲ್ಲ. ಅಂಗಡಿಯು ಕೊಡದುದನ್ನು ಅರಮನೆಯೇ ಕೊಡಬೇಕಾಯಿತು.

ಹೀಗೆ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಎಂಬ ಸಂಘವು ಏರ್ಪಟ್ಟಿತು. ಎಚ್. ಎಮ್. ವಿ. ಸಂಸ್ಥೆಯ ವಾಲ್ಟರ್ ಲೆಗ್ಗನು ಮುದ್ರಣದ ಮೇಲ್ವಿಚಾರಣೆಯನ್ನು ವಹಿಸಿದನು. ೧೯೪೭ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮೂರು ಕನ್ಸರ್ಟೊಗಳೂ ಮುದ್ರಿತವಾದುವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನನೂ ಉಳಿದೆರಡಕ್ಕೆ ಇಸ್ಸೈ ಡೊಬ್ರೊವೆನನೂ ನಾಯಕರು. ಮುಂದೆ ಸೊನಾಟಗಳು, ಸಣ್ಣ ಪಿಯಾನೋ ಕೃತಿಗಳು, ಒಡಾ ಸ್ಲೊಬೊಡ್‌ಸ್ಕಾಯ ಮೊದಲಾದ ಗಾಯಕಿಯರು ಹಾಡಿದ ಗೀತೆಗಳು ಇವೆಲ್ಲವೂ ಸೇರಿ ಮೂರು ಸಂಪುಟಗಳಾದುವು. ಮೆಟ್ನರನನ್ನು ದಾಟಿಯೂ ಈ ಔದಾರ್ಯವು ಹರಿಯಿತು. ೧೯೪೮ರಲ್ಲಿ ಸ್ಥಾಪಿತವಾದ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ ಮಹಾರಾಜರೇ ಮೊದಲನೆಯ ಅಧ್ಯಕ್ಷರು. ವೃಂದವನ್ನೂ ಸಂಘವನ್ನೂ ಭದ್ರಪಡಿಸಲು ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡಲು ಅವರು ಒಪ್ಪಿದರೆಂದು ಲೆಗ್ಗನ ಸ್ಮರಣೆಗಳಿಂದ ತಿಳಿದುಬರುತ್ತದೆ. ೧೯೫೦ರ ಮೇ ೨೨ರಂದು ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟುದಕ್ಕೂ ಇವರ ಹಣದ ಜಾಮೀನು ಇದ್ದಿತು.

ಈಗ ಪ್ರಶ್ನೆಯ ಮತ್ತೊಂದು ಮಗ್ಗುಲು. ಈ ಪೌಂಡುಗಳು ಮೂಲತಃ ಎಲ್ಲಿಂದ ಬಂದುವು? ಮೈಸೂರಿನಲ್ಲಿ ಅರಮನೆಯ ವೆಚ್ಚಕ್ಕೆಂದು ಸಂಸ್ಥಾನದ ಆಯವ್ಯಯದಲ್ಲಿ ಪ್ರತ್ಯೇಕವಾದ ಮೊತ್ತವನ್ನು ತೆಗೆದಿರಿಸುವ ಪದ್ಧತಿಯಿದ್ದಿತು. ಅರಸರು ಖಜಾನೆಯನ್ನು ಮನಸ್ವೀ ಬಳಸುತ್ತಿರಲಿಲ್ಲ. ಇದು ಇತರ ಅನೇಕ ಸಂಸ್ಥಾನಗಳಿಗಿಂತ ಮೇಲಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಮೊತ್ತದ ಮೂಲವು ಪ್ರಜೆಗಳ ತೆರಿಗೆಯೇ. ಆಗ ಕೋಲಾರ ಜಿಲ್ಲೆಗೆ ಸೇರಿದ್ದು, ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯೆನಿಸಿರುವ ಸೀಮೆಯನ್ನೇ ನೋಡಬಹುದು. ಜೀವನದಿಯಿಲ್ಲದ ಈ ನಾಡಿನಲ್ಲಿ ಕೆರೆ ತುಂಬಿದರೆ ಬೆಳೆ, ಇಲ್ಲವಾದರೆ ಇಲ್ಲ. ಶಿಡ್ಲಘಟ್ಟದ ಕಡೆಯ ರೈತನು ಹಿಪ್ಪುನೇರಳೆಯನ್ನು ಬೆಳೆದು ರೇಷ್ಮೆಹುಳುವನ್ನು ಸಾಕಿ ಕಂದಾಯವನ್ನು ಕಟ್ಟುತ್ತಿದ್ದನು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಣಪ್ಪನವರ ಪದಗಳು ಭಜನೆಯ ಗೋಷ್ಠಿಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಉಳಿದುವು. ಅವಕ್ಕೆ ಮೇಣದ ಫಲಕವು ಬೇಕಾಗಲಿಲ್ಲ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು, ಜಾತ್ರೆಯ ಕಾಲದಲ್ಲಿ, ನಿಷೇಧವನ್ನು ಮೀರಿ ಧ್ವಜವೇರಿಸಲು ನೆರೆದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯನ್ನು ಕುರಿತು ಸರ್ಕಾರದ ಲೆಕ್ಕವೂ ಜನರ ಲೆಕ್ಕವೂ ಕೂಡಿಬರಲಿಲ್ಲ. ಆಗ ಆಳುತ್ತಿದ್ದವರು ನಾಲ್ವಡಿಯವರು, ದಿವಾನರು ಸರ್ ಮಿರ್ಜಾ ಇಸ್ಮಾಯಿಲರು; ಮೆಟ್ನರನ ಪೋಷಕರಿಗೆ ಇದರ ಹೊಣೆಯನ್ನು ಹೊರಿಸುವುದು ಅನ್ಯಾಯವಾದೀತು. ಆದರೆ ಅಂದು ಕೇಳಿದ ಜವಾಬ್ದಾರಿ ಸರ್ಕಾರವು ಒಂಬತ್ತು ವರ್ಷಗಳ ಮೇಲೆಯೂ ಬಂದಿರಲಿಲ್ಲ. ೧೯೪೭ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿಯು ಪ್ರಾರಂಭವಾಗಿ, ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಕೋಲಾರ ಜಿಲ್ಲೆಯವರೇ ಆದ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಕನ್ಸರ್ಟೊಗಳು ತಟ್ಟೆಯೇರಿದುದೂ ಇದೇ ೧೯೪೭ರಲ್ಲಿ. ಅರಮನೆಯ ದ್ರವ್ಯವು ಯಾವ ಉದ್ದೇಶಕ್ಕೆ ಹೋಗಬೇಕೆಂದು ಕೇಳುವ ಅಧಿಕಾರವು ಪ್ರಜೆಗಳಿಗೆ ಇಲ್ಲದಿದ್ದ ಕಾಲದ ಕೊನೆಯ ದಿನಗಳಲ್ಲಿ ಈ ಕೆಲಸವು ಆರಂಭವಾಯಿತೆಂಬುದು ಗಮನಾರ್ಹ. ಪ್ರಜೆಗಳನ್ನು ಕೇಳಿದ್ದರೆ ಅವರು ಒಪ್ಪುತ್ತಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಒಪ್ಪದಿದ್ದರೆ ಆ ವೃದ್ಧನ ಕೈಬೆರಳುಗಳ ನಾದವು ಇಷ್ಟು ವಿಸ್ತಾರವಾಗಿ ಉಳಿಯುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಈ ಎರಡರಲ್ಲಿ ಒಂದನ್ನು ಬಿಟ್ಟು ಮತ್ತೊಂದನ್ನು ಬರೆಯುವುದು ಚರಿತ್ರೆಯಾಗಲಾರದು. ಲಂಡನ್ನಿನ ಲೇಖಕರು ಮೊದಲನೆಯದನ್ನು ಬಿಟ್ಟಿರುವರು. ನಮ್ಮವರಲ್ಲಿ ಅನೇಕರು ಎರಡನೆಯದನ್ನು ಅರಿತೇ ಇಲ್ಲ.

ಸಂಸ್ಥಾನವು ಭಾರತ ಗಣರಾಜ್ಯದಲ್ಲಿ ಸೇರಿದ ಮೇಲೆ ಮಹಾರಾಜರಿಗೆ ವರ್ಷಕ್ಕೆ ಇಪ್ಪತ್ತಾರು ಲಕ್ಷ ರೂಪಾಯಿಗಳ ರಾಜಧನವು ನಿಗದಿಯಾಯಿತು. ಲಂಡನ್ನಿನ ಸಂಘಗಳಿಗೆ ಹಿಂದಿನಂತೆ ಹಣ ಒದಗುವ ಕಾಲವು ಮುಗಿದಿತ್ತು. ಎಲ್ಲ ಕೃತಿಗಳನ್ನೂ ಮುದ್ರಿಸಬೇಕೆಂಬ ಸಂಕಲ್ಪವು ಮೂರನೆಯ ಸಂಪುಟಕ್ಕೆ ನಿಂತಿತು. ಮೆಟ್ನರನು ೧೯೫೧ರ ನವೆಂಬರ್ ೧೩ರಂದು ಲಂಡನ್ನಿನ ತನ್ನ ಮನೆಯಲ್ಲಿ ಮೃತನಾದನು. ಅರಗಿನ ತಟ್ಟೆಗಳು ಬಳಕೆಯಿಂದ ಹೋದುವು. ಅವುಗಳಲ್ಲಿದ್ದ ವಾದನವು ೧೯೯೦ರ ದಶಕದಲ್ಲಿ ಕಾಂಪ್ಯಾಕ್ಟ್ ಡಿಸ್ಕುಗಳಲ್ಲಿ ಪುನಃ ಪ್ರಕಟವಾಯಿತು.