ಗಾಜಿನ ಗ್ಲಾಸು, ಬೊಗಸೆ ಕೈ

ಮನೆಯಲ್ಲಿ ಕಾಕ್‌ಟೇಲ್ ಪಾರ್ಟಿ ಕೊಡುವುದು ಹೇಗೆಂದು ಕಲಿಸುವ ಬರಹಗಳು ಬೇಕಾದಷ್ಟಿವೆ. ಯಾವ ಗ್ಲಾಸಿಗೆ ಯಾವ ಪಾನ, ಐಸು ಎಷ್ಟು, ದೀಪ ಎಷ್ಟು ಮಂಕಾಗಿರಬೇಕು, ಎಲ್ಲವನ್ನೂ ಹೇಳುತ್ತವೆ. ಆ ಗ್ಲಾಸನ್ನು ತುಂಬಿದ ಕೈ ಯಾರದಾಗಿತ್ತು ಅನ್ನೋದನ್ನ ಮಾತ್ರ ಹೇಳುವುದಿಲ್ಲ. ಅದನ್ನು ನಾವೇ ಹೇಳಬೇಕಾಗಿದೆ. ಯಾಕಂದ್ರೆ ಕುಡುಕರು ಅನ್ನೋ ಹೆಸರು ಅಂಟಿರೋದು ನಮಗೆ.

ಕಾಕ್‌ಟೇಲಿಗೆ ಅಜ್ಜನ ಸ್ಥಾನದಲ್ಲಿರುವುದು 'ಪಂಚ್'. 1632ರಲ್ಲಿ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವನೊಬ್ಬ ಬರೆದ ಕಾಗದದಲ್ಲಿ ಈ ಹೆಸರು ಕಾಣುತ್ತದೆ. ಸಾರಾಯಿ, ಸಕ್ಕರೆ, ನಿಂಬೆಹುಳಿ, ನೀರು, ಮಸಾಲೆ ಈ ಐದು ಸೇರಿದ್ದಕ್ಕೆ ನಮ್ಮ 'ಪಂಚ'ದಿಂದಲೇ ಆ ಹೆಸರು ಬಂತೆಂದು ನಿಘಂಟುಗಳು ಹೇಳುತ್ತವೆ. ಅಂದರೆ ದೊರೆಗಳ ಮನೆಯ ಬೆಳ್ಳಿಬಟ್ಟಲಿಗೆ ಬಿದ್ದದ್ದು ಇಲ್ಲಿನ ಭಟ್ಟಿಯ ಸಾರಾಯಿಯೇ. 1806ರಲ್ಲಿ ನ್ಯೂಯಾರ್ಕ್ ಸೀಮೆಯ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೇನೆಂದು ವಿವರಿಸಿದಾಗ ಅದರಲ್ಲಿ ಇದ್ದದ್ದು ಮದ್ಯ, ಸಕ್ಕರೆ, ನೀರು, ಕಹಿರಸ. ಆಮೇಲೆ ಚಳಿಜ್ವರದ ಕ್ವಿನೈನು ಸೋಡಾಕ್ಕೆ ಸೇರಿ 1858ರಲ್ಲಿ ಇಂಗ್ಲೆಂಡಿನಲ್ಲಿ ಟಾನಿಕ್ ನೀರಿಗೆ ಪೇಟೆಂಟ್ ಆಯಿತು, ಇಲ್ಲಿನ ಸಾಹೇಬರು ಅದಕ್ಕೆ ಜಿನ್ನು ಬೆರೆಸಿದರು. ನಮ್ಮ ಹಿರಿಯೂರು ಸೀಮೆಯೂ ಚಳಿಜ್ವರಕ್ಕೆ ಹೆಸರಾದದ್ದೇ. ಅಲ್ಲಿ 1898ರಿಂದ 1907ರವರೆಗೆ ಮಾರಿಕಣಿವೆಯ ಕಟ್ಟೆ ಎದ್ದಾಗ ಕಲ್ಲುಮಣ್ಣು ಹೊತ್ತವರ ಜ್ವರಕ್ಕೆ ಜಿನ್ನು ಬೆರೆಸಿಕೊಟ್ಟವರು ಯಾರು ಸ್ವಾಮಿ?

ಬೆಂಗಳೂರು ದಂಡಿನ ಬಂಗಲೆಗಳಲ್ಲಿ ಸಂಜೆಯ ಪಾರ್ಟಿ ನಡೆಯುತ್ತಿತ್ತು. ಮದ್ಯ, ದನದ ಮಾಂಸ ಮುಟ್ಟಿದರೆ ಮೈಲಿಗೆ ಅನ್ನುವ ಜಾತಿಯವರು ಆ ಅಡಿಗೆಮನೆಗೆ ಹೋಗುತ್ತಿರಲಿಲ್ಲ. ಬಟ್ಲರ್, ಅಡಿಗೆಯವ, ಆಯಾ ಆಗಿ ಹೋದವರಲ್ಲಿ ಎಷ್ಟೋ ಜನ ತಮಿಳು ಸೀಮೆಯಿಂದ ಬಂದ ಹೊಲಗೇರಿಯವರು. ಊರಲ್ಲಿ ಯಾರ ಕೈನೀರು ಮೈಲಿಗೆಯೋ ಅವರೇ ಅಲ್ಲಿ ಗ್ಲಾಸು ಒರೆಸಿ, ಅಳತೆ ನೋಡಿ ಬೆರೆಸಿ, ಬಿಳಿ ಕೈಗವಸು ತೊಟ್ಟು ತಟ್ಟೆ ಹಿಡಿದು ನಿಂತರು. ಇವರ ಕೈ ಹದವನ್ನು ಸಾಹೇಬರ ಹೆಂಡಂದಿರು ಮೆಚ್ಚಿರಬಹುದು, ಹೆಸರು ಮಾತ್ರ ನಮಗೆ ದಕ್ಕಿಲ್ಲ. ದಕ್ಕಿರುವ ಹೆಸರು ಬೇರೆ: ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ ವಸೂಲಾಗದ ಬಾಕಿ ಅಂತ ವಿನ್‌ಸ್ಟನ್ ಚರ್ಚಿಲ್‌ನ 13 ರೂಪಾಯಿ ಇದೆ. ಅದನ್ನು ಇವತ್ತಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ಸಾರಾಯಿ ಅಂಗಡಿಯ ಸಾಲಕ್ಕೆ ನಮ್ಮ ಅಜ್ಜಂದಿರ ಚೆಂಬು ಅಡವಿಗೆ ಹೋಯಿತಲ್ಲ, ಅದನ್ನು ಯಾರೂ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಲಿಲ್ಲ.

ಈಗ ನಮ್ಮ ದುರ್ಗದ ನೆಲಕ್ಕೆ ಬರೋಣ. ಇಲ್ಲಿ ಹೆಂಡ ಅಂದರೆ ಈಚಲು. ಹಳ್ಳದ ದಂಡೆಯಲ್ಲಿ ಬೆಳೆದ ಮರವನ್ನು ಮೈಸೂರು ಸರ್ಕಾರ ಹರಾಜು ಹಾಕುತ್ತಿತ್ತು, ಅಬಕಾರಿ ಅದರ ದೊಡ್ಡ ವರಮಾನಗಳಲ್ಲೊಂದು. ಮರ ಹತ್ತಿದವನು ಈಡಿಗ, ಗುತ್ತಿಗೆಯಲ್ಲಿ ಗೆದ್ದವನು ಸಾಹುಕಾರ. ಇದೇ ಸೀಮೆಯ ಮ್ಯಾಸನಾಯಕರಿಗೆ ಈಚಲು ನಿಷಿದ್ಧ, ಅದರ ಚಾಪೆಯೂ ಆಗದು. ಹೆಂಡ ಬೇಡ ಅನ್ನುವುದನ್ನು ಇವರಿಗೆ ಯಾವ ಟೋಪಿಯವರೂ ಬಂದು ಕಲಿಸಬೇಕಾಗಿರಲಿಲ್ಲ. ನಮ್ಮ ಕೇರಿಗೆ ಹೆಂಡ ಬಂದದ್ದು ಬೇರೆ ದಾರಿಯಲ್ಲಿ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಿರಿಯರನ್ನು ಕೇಳಿ, ಹೇಳ್ತಾರೆ: ಜಾತ್ರೆಗೆ ತಮಟೆ ಬಡಿದರೆ ಹೆಂಡ, ಸತ್ತ ದನ ಎಳೆದರೆ ಹೆಂಡ, ಸಾವಿನ ಸುದ್ದಿ ಹೊತ್ತು ಹೋದರೆ ಹೆಂಡ. ಕೂಲಿಯ ಬದಲು ಹೆಂಡ. ಅದನ್ನೂ ಲೋಟದಲ್ಲಿ ಕೊಡುತ್ತಿರಲಿಲ್ಲ. ಮೇಲಿಂದ ಹೊಯ್ಯೋರು, ಬೊಗಸೆ ಒಡ್ಡಬೇಕು, ಇಲ್ಲಾ ಕರಟ ಹಿಡೀಬೇಕು. ಇದೂ ಒಂದು ಸತ್ಕಾರದ ಶಿಷ್ಟಾಚಾರವೇ. ಪಾರ್ಟಿ ಪುಸ್ತಕದವರು ಬರೆದುಕೊಳ್ಳಲಿ.

1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಸರ್ಕಾರದ ವರಮಾನಕ್ಕೆ ಕೊಡಲಿ ಹಾಕಬೇಕು, ಪಾನನಿರೋಧವೂ ಆಗಬೇಕು ಎಂಬ ಲೆಕ್ಕ. ಅದೇ ವರ್ಷ ಮಾಯಕೊಂಡದ ಕಡೆ ಬಳ್ಳಾರಿ ಸಿದ್ದಮ್ಮನವರೂ ಮರ ಕಡಿಸಿ ಜೈಲು ಸೇರಿದರು. ಅವರ ತ್ಯಾಗವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಕೇಳಲೇಬೇಕಾದ ಒಂದು ಮಾತಿದೆ. ಕೊಡಲಿ ಬಿದ್ದದ್ದು ಹಳ್ಳದ ದಂಡೆಯ ಮರಕ್ಕೆ. ಕ್ಲಬ್ಬಿನ ಬೀರುವಿಗೆ, ದಿವಾನಖಾನೆಯ ಸೀಸೆಗೆ ಯಾವ ಕೊಡಲಿ ಬಿತ್ತು? ಸ್ವಾತಂತ್ರ್ಯದ ಕಾಲದಲ್ಲಿ ಬಂದ ಪಾನನಿರೋಧವನ್ನು ಮೈಸೂರು ರಾಜ್ಯ 1967ರಲ್ಲಿ ಕೈಬಿಟ್ಟಿತು. ಆಗ ಮುಖ್ಯಮಂತ್ರಿ ಅದೇ ನಿಜಲಿಂಗಪ್ಪನವರು. ಖಜಾನೆಗೆ ದುಡ್ಡು ಬೇಕಾಗಿತ್ತು. ಮತ್ತೆ ಹರಾಜು, ಮತ್ತೆ ಗುತ್ತಿಗೆದಾರ, ಅವನ ದುಡ್ಡಲ್ಲಿ ಚುನಾವಣೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಯವರು, ಕೊಳೆಗೇರಿಯವರು. ಯಾವ ಪಾರ್ಟಿ ಮನೆಯಲ್ಲೂ ಅವತ್ತು ಹೆಣ ಏಳಲಿಲ್ಲ.

ಆಮೇಲೆ ಒಳನಾಡಿನಲ್ಲಿ ಸೇಂದಿಯನ್ನು 2004ರಲ್ಲಿ ನಿಲ್ಲಿಸಿದರು, ಸಾರಾಯಿಯನ್ನು 2007ರ ಜುಲೈ 1ರಿಂದ. ಎರಡೂ ಬಡವರ ಪಾನವೇ. ಬ್ರಾಂಡಿ, ವಿಸ್ಕಿ ಹಾಗೇ ಉಳಿದವು, ಬಡವನೂ ದುಬಾರಿ ಬೆಲೆ ಕೊಟ್ಟು ಅದಕ್ಕೇ ಬಂದ. ಮನೆಯಲ್ಲೋ ತೋಟದಲ್ಲೋ ಪಾರ್ಟಿ ಕೊಡುವವರಿಗೆ ಅಬಕಾರಿ ಇಲಾಖೆ ಆ ಸಂದರ್ಭಕ್ಕೆಂದೇ ಲೈಸೆನ್ಸು ಕೊಡುತ್ತದೆ. ಕೇರಿಯಲ್ಲಿ ಮಡಕೆ ಸಿಕ್ಕರೆ ಒಡೆಯುತ್ತದೆ.

ಒಮ್ಮೆ ದುರ್ಗದ ದೊಡ್ಡ ಮನೆಯೊಂದರಲ್ಲಿ ಇಂಥ ಪಾರ್ಟಿಗೆ ನಮ್ಮನ್ನೂ ಕರೆದಿದ್ದರು, ಹಾಡು ಹೇಳಲಿಕ್ಕೆ. ಗ್ಲಾಸಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದಿದ್ದ ಯಜಮಾನರು ಅಂದರು, 'ಏನೇ ಅನ್ರಪ್ಪ, ನಿಮ್ಮೋರು ಕುಡಿದೇ ಹಾಳಾದ್ರು.' ನಾವು ತಮಟೆ ಎತ್ತಿಕೊಂಡು ಹೊರಗೆ ಬಂದೆವು.

ಹಾಗಂತ ಹೆಂಡದ ಪರ ನಾವು ವಕಾಲತ್ತು ಹಾಕುತ್ತಿಲ್ಲ. ಗಂಡ ಕುಡಿದು ಬಂದ ರಾತ್ರಿ ಒಲೆ ಹತ್ತದ ಮನೆಗಳಲ್ಲೇ ನಾವು ಬೆಳೆದದ್ದು. ಅಂಗಡಿ ಮುಂದೆ ಪೊರಕೆ ಹಿಡಿದು ಕೂತವರು ನಮ್ಮ ಅವ್ವಂದಿರೇ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಅದು ಬೊಗಸೆ ಒಡ್ಡುವುದಿಲ್ಲ ಎಂದ ಹಾಗೂ ಹೌದು. ದಲಿತ ಸಂಘರ್ಷ ಸಮಿತಿಯವರು ನಮ್ಮ ಕೇರಿಗೆ ಹೆಂಡ ಬೇಡ, ವಸತಿ ಶಾಲೆ ಕೊಡಿ ಎಂದು ಬೀದಿಗಿಳಿದು ಕೂಗಿದರು. ನಮ್ಮಲ್ಲಿ ಕೆಲವರು ಅಕ್ಷರ ಕಲಿತದ್ದು ಆಮೇಲೆ ಬಂದ ಅಂಥ ಶಾಲೆಗಳಲ್ಲೇ.