ದವಾಖಾನೆಯ ಪಂಚಾಂಗ, ತಾಂಡಾದ ಪಂಚಾಂಗ: ಡೋಣಿ ಸೀಮೆಯಲ್ಲಿ ದೀರ್ಘಕಾಲದ ಕಾಯಿಲೆಗಳ ಆರೈಕೆ

ಬೀಗ ಬಿದ್ದ ಮನೆಯ ಮುಂದೆ ಆಶಾ ಕಾರ್ಯಕರ್ತೆ ಹೆಚ್ಚೇನೂ ಮಾಡಲಾರಳು. ವಹಿಯಲ್ಲಿ ‘ಊರಲ್ಲಿಲ್ಲ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಮುಂಡರಗಿ ತಾಲ್ಲೂಕಿನ ಡೋಣಿ, ಅತ್ತಿಕಟ್ಟಿ ಸುತ್ತಿನ ಕಪ್ಪತಗುಡ್ಡದ ತಾಂಡಾಗಳಲ್ಲಿ ದೀಪಾವಳಿ ಕಳೆದ ಮೇಲೆ ಇಂಥ ಬೀಗಗಳು ಹೆಚ್ಚುತ್ತವೆ. ಗೋವಾ, ಮಂಗಳೂರಿನ ಕಟ್ಟಡ ಕೆಲಸ, ಮಲೆನಾಡಿನ ಕಾಫಿ ತೋಟ, ಕಬ್ಬಿನ ಕಟಾವು ಎಂದು ಲಂಬಾಣಿ ಕುಟುಂಬಗಳು ಗುಳೆ ಹೋಗುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅವರ ಬೆನ್ನಿಗೇ ಹೋಗುತ್ತವೆ. ಸರ್ಕಾರಿ ಗುಳಿಗೆ ಊರಲ್ಲೇ ಉಳಿಯುತ್ತದೆ. ಊರಿಗೂ ತಾಂಡಾಕ್ಕೂ ನಡುವಿನ ಆರೈಕೆಯ ಅಂತರಕ್ಕೆ ತಪಾಸಣೆಯ ಕೊರತೆಗಿಂತ ದೊಡ್ಡ ಕಾರಣ ದವಾಖಾನೆಯ ಪಂಚಾಂಗ ಮತ್ತು ತಾಂಡಾದ ಪಂಚಾಂಗ ಒಂದಕ್ಕೊಂದು ಹೊಂದದಿರುವುದು ಎಂಬುದು ಈ ಲೇಖನದ ವಾದ.

ಅಮೆರಿಕದಲ್ಲಿ ಆರೈಕೆಯ ಅಂತರದ ಚರ್ಚೆ ಜನಾಂಗದ ಹೆಸರಿನಲ್ಲಿ ನಡೆಯುತ್ತದೆ. ನಮ್ಮಲ್ಲಿ ಅದೇ ಪದವನ್ನು ಎತ್ತಿಕೊಳ್ಳುವಂತಿಲ್ಲ. ಜಾತಿ ಎಂಬುದು ಜನಾಂಗದ ವಿಭಜನೆಯಲ್ಲ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಆದರೆ ಹುಟ್ಟಿದ ಗುಂಪಿನ ಮೇಲೆ ಆರೈಕೆಯ ಗುಣಮಟ್ಟ ನಿಂತಿದೆಯೇ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಲಂಬಾಣಿಗರ ವಿಷಯದಲ್ಲಿ ಇದಕ್ಕೆ ಉತ್ತರ ಹುಡುಕುವುದು ಇನ್ನೂ ಕಷ್ಟ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಸಮುದಾಯ ಮೂರು ಪಟ್ಟಿಗಳಲ್ಲಿ ಹಂಚಿಹೋಗಿದೆ. ಕರ್ನಾಟಕದ ಪಟ್ಟಿಯಲ್ಲೇ 101 ಜಾತಿಗಳಿವೆ. ‘ಪರಿಶಿಷ್ಟ ಜಾತಿ’ ಎಂಬ ಒಂದೇ ಅಂಕಣದಲ್ಲಿ ಊರೊಳಗಿನ ಕೇರಿಯೂ ಗುಡ್ಡದ ಬದಿಯ ತಾಂಡಾವೂ ಕೂಡಿಹೋಗುತ್ತವೆ.

ಒಟ್ಟು ಸಂಖ್ಯೆ ಊರು-ತಾಂಡಾದ ಅಂತರವನ್ನು ಹೇಗೆ ಮರೆಮಾಚುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಒಂದು ಕೇಂದ್ರದ ವ್ಯಾಪ್ತಿಯಲ್ಲಿ ರಕ್ತದೊತ್ತಡವಿರುವ 500 ಮಂದಿ. ಊರಿನವರು 400, ತಾಂಡಾದವರು 100. ಊರಿನಲ್ಲಿ 240 ಮಂದಿಯ ಒತ್ತಡ ಹತೋಟಿಯಲ್ಲಿದೆ, ತಾಂಡಾದಲ್ಲಿ 20 ಮಂದಿಯದು. ಒಟ್ಟು ಶೇ 52. ಮರುವರ್ಷ ಊರಿನ ಸಂಖ್ಯೆ 280ಕ್ಕೆ ಏರಿ ತಾಂಡಾದ್ದು 20ರಲ್ಲೇ ನಿಂತರೆ ವರದಿಯಲ್ಲಿ ಶೇ 60 ಎಂದು ಬರುತ್ತದೆ, ಕೇಂದ್ರಕ್ಕೆ ಶಹಬ್ಬಾಸ್ ಸಿಗುತ್ತದೆ. ಊರು ಮತ್ತು ತಾಂಡಾದ ಅಂತರ ಮಾತ್ರ ಶೇ 40ರಿಂದ 50ಕ್ಕೆ ಹಿಗ್ಗಿರುತ್ತದೆ. ಅಂತರವನ್ನೇ ಬೇರೆಯಾಗಿ ಎಣಿಸದ ಕಾರ್ಯಕ್ರಮ ಅದನ್ನು ತಗ್ಗಿಸಲು ಸಾಧ್ಯವಿಲ್ಲ. ಡೋಣಿಯಂಥ ಕಡೆ ಇದಕ್ಕೆ ಹೊಸ ತಂತ್ರಾಂಶವೇನೂ ಬೇಡ, ವಹಿಯಲ್ಲಿ ತಾಂಡಾದ ಪುಟಗಳನ್ನು ಬೇರೆ ಮಾಡಿ ಮೂರು ತಿಂಗಳಿಗೊಮ್ಮೆ ಕೂಡಿ ನೋಡಿದರೆ ಸಾಕು.

ವ್ಯವಸ್ಥೆಯೇ ಇಲ್ಲ ಎನ್ನುವಂತಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ಮನೆಗೇ ಹೋಗಿ ತಪಾಸಣೆ ಮಾಡುತ್ತಾರೆ. ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹವಿದೆ ಎಂದು 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿದ ಮೇಲೆ ಇವೆಲ್ಲ ಇನ್ನಷ್ಟು ಅಗತ್ಯವಾದವು. ಆದರೆ ಇವೆಲ್ಲ ಮನೆಯಲ್ಲಿ ಜನ ಇದ್ದಾರೆ ಎಂದು ನಂಬಿ ಹೊರಟ ಯೋಜನೆಗಳು.

ಆಹಾರದ ಸಲಹೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ‘ಅನ್ನ ಕಡಿಮಿ ಮಾಡ್ರಿ, ಜ್ವಾಳದ ರೊಟ್ಟಿ ಉಣ್ರಿ’ ಎಂಬ ಮಾತನ್ನು ನಮ್ಮ ಕಡೆಯ ಯಾವ ದವಾಖಾನೆಯಲ್ಲಾದರೂ ಕೇಳಬಹುದು. ಸಲಹೆ ಸರಿಯಾಗಿಯೇ ಇದೆ. ಕೇಳಿಸಿಕೊಂಡ ಹೆಣ್ಣುಮಗಳ ಮನೆಗೆ ಹೋಗಿ ನೋಡಿ. 2013ರ ಅನ್ನಭಾಗ್ಯದಿಂದ ಹೊಟ್ಟೆ ತುಂಬಿತು, ಅದರ ಋಣ ದೊಡ್ಡದು. ಆದರೆ ಪಡಿತರದ ಚೀಲದಲ್ಲಿ ಬರುವುದು ಹೆಚ್ಚಾಗಿ ಅಕ್ಕಿ. ಸಾಕಷ್ಟು ಜೋಳ ಬೇಕಾದರೆ ಸ್ವಂತ ಎರೆಹೊಲ ಇರಬೇಕು, ಇಲ್ಲವೇ ಸಂತೆಯಲ್ಲಿ ಕೊಳ್ಳಬೇಕು. ಕೆಲಸದ ತಾಣದ ತಗಡಿನ ಶೆಡ್ಡಿನಲ್ಲಂತೂ ಹಿಟ್ಟು ನಾದಿ, ಬಡಿದು, ಬೇಯಿಸಿ ಇಡಲು ಹೊತ್ತೂ ಇಲ್ಲ, ಒಲೆಯೂ ಇಲ್ಲ. ಬೆಳಿಗ್ಗೆ ಮಾಡಿಟ್ಟ ಅನ್ನ, ಮೇಲಿಷ್ಟು ಖಾರ, ದಿನಕ್ಕೆ ನಾಲ್ಕಾರು ಸಲ ಸಕ್ಕರೆ ಹಾಕಿದ ಚಹಾ. ಆಕೆಯ ಸಕ್ಕರೆ ಅಂಶ ಏರಿದರೆ ‘ಪಥ್ಯ ಮಾಡಂಗಿಲ್ಲ’ ಎಂಬ ದೂರು ಆಕೆಯ ಮೇಲೆಯೇ. ಬೇರೆ ದಾರಿಯೂ ಇದೆ. 1960ರ ದಶಕದಲ್ಲಿ ಅಮೆರಿಕದ ಮಿಸಿಸಿಪಿಯ ಮೌಂಡ್ ಬಾಯೂ ಎಂಬಲ್ಲಿ ಡಾ. ಜಾಕ್ ಗೈಗರ್ ನಡೆಸಿದ ಸಮುದಾಯ ಆರೋಗ್ಯ ಕೇಂದ್ರದ ವೈದ್ಯರು ಬಡ ಕಪ್ಪು ಕುಟುಂಬಗಳಿಗೆ ಔಷಧಿ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ಊರಿನ ಕಿರಾಣಿ ಅಂಗಡಿಗಳು ಅದನ್ನು ಕೊಟ್ಟವು, ದುಡ್ಡನ್ನು ಕೇಂದ್ರವೇ ತೆತ್ತಿತು. ಜೋಳದ ನಾಡಿನಲ್ಲಿ ಮಧುಮೇಹಿಗೆ ಜೋಳ ಸಿಗುವಂತೆ ಮಾಡುವುದೂ ಚಿಕಿತ್ಸೆಯ ಭಾಗವೇ ಎಂದು ನಾನು ನಂಬುತ್ತೇನೆ.

ಈ ಸೀಮೆಗೇ ಸೇರಿದ ಇನ್ನೊಂದು ತೊಡಕು ನೀರಿನದು. ಮುಂಡರಗಿ ತಾಲ್ಲೂಕಿನ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಆ ನೀರು ಕುಡಿದವರ ಹಲ್ಲು ಕಂದುಗಟ್ಟುತ್ತವೆ, ಕೀಲುಗಳು ಬಿಗಿಯುತ್ತವೆ. ಕಲ್ಲು-ಮಣ್ಣು ಹೊತ್ತ ಮೈಗೆ ಆ ನೋವೂ ಕೂಡಿದಾಗ ಅಂಗಡಿಯ ನೋವಿನ ಗುಳಿಗೆ ನಿತ್ಯದ ಸಂಗಾತಿಯಾಗುತ್ತದೆ. ಅಂಥ ಬಹುತೇಕ ಗುಳಿಗೆಗಳು ರಕ್ತದೊತ್ತಡ ಏರಿಸಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಾಗಾಗಿ ಒತ್ತಡ ಏಕೆ ಇಳಿಯುತ್ತಿಲ್ಲ ಎಂದು ಔಷಧಿಯ ಪ್ರಮಾಣ ಹೆಚ್ಚಿಸುವ ಮೊದಲು ‘ಕೀಲುನೋವಿಗೆ ಏನ್ ತಗೋತೀರಿ?’ ಎಂದು ಕೇಳಬೇಕು. ಗುಡ್ಡದ ಗಿಡಮೂಲಿಕೆಯ ಬಗ್ಗೆಯೂ ಬೈಯದೆ ವಿಚಾರಿಸಬೇಕು. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಅಷ್ಟಕ್ಕೂ ಯಾವ ಭಾಷೆಯಲ್ಲಿ ಕೇಳುವುದು? ತಾಂಡಾದ ಮನೆಮಾತು ರಾಜಸ್ಥಾನಿಗೆ ಹತ್ತಿರವಾದ ಗೋರ್‌ಬೋಲಿ. ಗಂಡಸರು, ಶಾಲೆ ಕಲಿತ ಮಕ್ಕಳು ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ವಯಸ್ಸಾದ ಯಾಡಿ (ತಾಯಿ) ತಲೆಯಾಡಿಸಿ ಸುಮ್ಮನಾಗುತ್ತಾಳೆ. ಆ ತಲೆಯಾಟವನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು. ತಾಂಡಾದ ಆಶಾ ಕಾರ್ಯಕರ್ತೆ ತಾಂಡಾದವಳೇ ಆಗಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಜಾಗವೂ ಮುಖ್ಯ. ಲಾಸ್ ಏಂಜಲೀಸಿನ ಕಪ್ಪು ಸಮುದಾಯದ ಕ್ಷೌರದಂಗಡಿಗಳಲ್ಲಿ ಔಷಧಿ ತಜ್ಞರೇ ಹೋಗಿ ಚಿಕಿತ್ಸೆ ಕೊಟ್ಟ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅಲ್ಲಿ ಮೇಲಿನ ರಕ್ತದೊತ್ತಡ ಸರಾಸರಿ 27 ಅಂಕ ಇಳಿಯಿತು. ವೈದ್ಯರ ಬಳಿ ಹೋಗಿ ಎಂದು ಬರೀ ಹೇಳಿ ಕಳಿಸಿದವರಲ್ಲಿ ಇಳಿದದ್ದು ಸುಮಾರು 9. ತಾಂಡಾದಲ್ಲಿ ಅಂಥ ಜಾಗ ಲಂಬಾಣಿಗರ ಸಂತ ಸೇವಾಲಾಲ್ ಗುಡಿಯ ಕಟ್ಟೆ, ಅಲ್ಲಿ ನಡೆಯುವ ಮಾತು ತಾಂಡಾದ ಮುಖಂಡರಾದ ನಾಯಕ, ಕಾರಭಾರಿಯದು. ಆದರೆ ಕಟ್ಟೆ ಗಂಡಸರದು. ಹೆಂಗಸರನ್ನು ಮುಟ್ಟಬೇಕಾದರೆ ಸ್ವಸಹಾಯ ಸಂಘದ ವಾರದ ಸಭೆಯೇ ಮೇಲು.

ಇನ್ನು ಪಂಚಾಂಗ. ಗುಳೆ ಹೋದವರು ದೀಪಾವಳಿಗೆ, ಹೋಳಿಗೆ ತಾಂಡಾಕ್ಕೆ ಮರಳಲು ಹಂಬಲಿಸುತ್ತಾರೆ. ಫೆಬ್ರುವರಿ 15ರ ಸೇವಾಲಾಲ್ ಜಯಂತಿಗೂ ಜನ ಕೂಡುತ್ತಾರೆ. ತಪಾಸಣೆಯ ದಿನಗಳು ಇವೇ ಆಗಬೇಕು. ದೀಪಾವಳಿಯ ಸಂಜೆ ಹುಡುಗಿಯರು ದೀಪ ಹಿಡಿದು ‘ಮೇರಾ’ ಎಂಬ ಹಬ್ಬದ ಹಾರೈಕೆ ಹೇಳುತ್ತ ಮನೆಮನೆಗೆ ಹೋಗುವ ಆ ವಾರ ಇಡೀ ತಾಂಡಾ ಮನೆಯಲ್ಲಿರುತ್ತದೆ. ಹತೋಟಿಯಲ್ಲಿರುವ ರೋಗಿಗೆ ಒಂದು ತಿಂಗಳ ಗುಳಿಗೆಯ ಬದಲು ಹೋಳಿಯವರೆಗಿನದನ್ನು ಆಗಲೇ ಕಟ್ಟಿಕೊಡಬಹುದು. ಹೊಸ ರೋಗಿಗೆ ಅಷ್ಟು ಕೊಡುವುದು ಅಪಾಯ. ಅವನು ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ಚೀಟಿ ಬೇಕು. ಆ ಚೀಟಿ ಬರೀ ಕನ್ನಡದಲ್ಲಿದ್ದರೆ ಗೋವಾದ ವೈದ್ಯರಿಗೆ ಓದಲು ಬಾರದು. ಔಷಧಿಯ ಹೆಸರು ಇಂಗ್ಲಿಷಿನಲ್ಲೂ ಇರಬೇಕು, ರಕ್ತದೊತ್ತಡ ಮತ್ತು ಸಕ್ಕರೆ ಅಂಶ ಅಂಕಿಯಲ್ಲಿ, ಬೆಳಿಗ್ಗೆ-ರಾತ್ರಿಗೆ ಸೂರ್ಯ-ಚಂದ್ರರ ಚಿತ್ರ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿ, ರೇಷನ್ ಕಾರ್ಡಿನ ಅಳತೆಗೇ ಕತ್ತರಿಸಿ ಕೊಟ್ಟರೆ ಅದು ಕಾರ್ಡಿನ ಜೊತೆಗೇ ಇರುತ್ತದೆ. ಶೆಡ್ಡಿನಿಂದ ಶೆಡ್ಡಿಗೆ ಹೋಗುವಾಗ ಅವರು ಯಾವತ್ತೂ ಬಿಟ್ಟುಹೋಗದ ಕಾಗದ ರೇಷನ್ ಕಾರ್ಡೊಂದೇ.