ಸದ್ದು ಇಳಿಸಿದವನ ಸದ್ದು

ಎಲ್‌ಎಲ್ ಕೂಲ್ ಜೆ ಅನ್ನೋ ಹುಡುಗನ ಮೊದಲ ಆಲ್ಬಂ 'ರೇಡಿಯೋ' ಬಂದಿದ್ದು 1985ರಲ್ಲಿ. ಅದರ ಮೇಲೆ ರಿಕ್ ರೂಬಿನ್ 'ಪ್ರೊಡ್ಯೂಸ್ಡ್ ಬೈ' ಅಂತ ಹಾಕಿಸಿಕೊಳ್ಳಲಿಲ್ಲ, 'ರೆಡ್ಯೂಸ್ಡ್ ಬೈ' ಅಂತ ಹಾಕಿಸಿದ. ಅಂದ್ರೆ, ನಾನೇನೂ ಸೇರಿಸಿಲ್ಲ ಮಾರಾಯ್ರೇ, ಬೇಡದ್ದನ್ನು ತೆಗೆದಿದ್ದೇನೆ ಅಷ್ಟೇ. ಹಾಸ್ಟೆಲ್ ರೂಮಿನಿಂದ ಡೆಫ್ ಜ್ಯಾಮ್ ಕಂಪನಿ ಶುರು ಮಾಡಿದ್ದ ಈ ಆಸಾಮಿಗೆ ಆಗ 22 ವರ್ಷ.

ನಮ್ಮಲ್ಲಿ ನಿರ್ಮಾಪಕ ಅಂದ್ರೆ ದುಡ್ಡು ಹಾಕೋನು. ರೆಕಾರ್ಡ್ ಪ್ರೊಡ್ಯೂಸರ್ ಕೆಲಸ ಬೇರೆ, ಹಾಡು ಕೊನೆಗೆ ಹೇಗೆ ಕೇಳಿಸಬೇಕು ಅನ್ನೋದು ಅವನ ಜವಾಬ್ದಾರಿ. ರೂಬಿನ್ ಅದನ್ನು ಎಷ್ಟು ಚೆನ್ನಾಗಿ ಮಾಡಬಲ್ಲ ಅನ್ನೋದಕ್ಕೆ 1994ರ 'ಅಮೆರಿಕನ್ ರೆಕಾರ್ಡಿಂಗ್ಸ್' ಕೇಳಬೇಕು. ಎಲ್ಲರೂ ಮರೆಯತೊಡಗಿದ್ದ ಜಾನಿ ಕ್ಯಾಶ್‌ನ ಕೈಗೆ ಒಂದು ಗಿಟಾರ್ ಕೊಟ್ಟು ಹಾಡಿಸಿದ. ಬಹುಪಾಲು ರೆಕಾರ್ಡ್ ಆಗಿದ್ದು ರೂಬಿನ್ ಮನೆಯ ಹಾಲ್‌ನಲ್ಲಿ, ಕ್ಯಾಶ್‌ನ ಕ್ಯಾಬಿನ್‌ನಲ್ಲಿ.

ಇಂಥವನು 2008ರ ಸೆಪ್ಟೆಂಬರ್‌ನಲ್ಲಿ ಮೆಟಾಲಿಕಾ ಜೊತೆ 'ಡೆತ್ ಮ್ಯಾಗ್ನೆಟಿಕ್' ತಂದ. ಅಭಿಮಾನಿಗಳಿಗೆ ಹಾಡು ಹಿಡಿಸಿತು, ಸದ್ದು ಹಿಡಿಸಲಿಲ್ಲ. ಸಿ.ಡಿ.ಯಲ್ಲಿ ಸದ್ದಿಗೆ ಒಂದು ಚಾವಣಿ ಇದೆ, ಅದರಾಚೆ ಹೋಗೋಕಾಗಲ್ಲ. ಆದ್ರೂ ಪಕ್ಕದ ಬ್ಯಾಂಡಿಗಿಂತ ಜೋರಾಗಿರಬೇಕು ಅಂದ್ರೆ ಮೆಲುದನಿಯನ್ನೆಲ್ಲ ಮೇಲಕ್ಕೆತ್ತಿ, ಚಾವಣಿಗೆ ತಾಗೋ ತುದಿಗಳನ್ನು ಕತ್ತರಿಸಬೇಕು. ಜಾಸ್ತಿ ಕತ್ತರಿಸಿದ್ರೆ ಗಣೇಶನ ಪೆಂಡಾಲಿನ ಸ್ಪೀಕರ್ ಥರ ಒಡಕು ದನಿ ಬರುತ್ತೆ.

ಇಂಥ ದೂರು ಹೊಸದಲ್ಲ. ರೂಬಿನ್‌ನದೇ 'ಕ್ಯಾಲಿಫೋರ್ನಿಕೇಶನ್' ಮೇಲೂ ಇತ್ತು. ಆದ್ರೆ ಈ ಸಲ ಅಭಿಮಾನಿಗಳ ಕೈಗೆ ಸಾಕ್ಷಿ ಸಿಕ್ತು, ಅದೂ ಒಂದು ವಿಡಿಯೋ ಗೇಮಿನಿಂದ! 'ಗಿಟಾರ್ ಹೀರೋ' ಆಟದಲ್ಲಿ ಒಂದೊಂದು ವಾದ್ಯವೂ ಬೇರೆಬೇರೆಯಾಗಿ ಬೇಕು. ಹಾಗಾಗಿ ಅವರಿಗೆ ಕೊನೆಯ ಹಂತದ ಒತ್ತಡ ಬೀಳದ ಟ್ರ್ಯಾಕುಗಳು ಹೋಗಿದ್ದವು. ಯಾರೋ ಎರಡರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ರು. ಗೇಮಿನದು ಗುಡ್ಡ-ಕಣಿವೆ, ಸಿ.ಡಿ.ಯದು ಇಟ್ಟಿಗೆ.

ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ನನ್ನ ಕೈಗೆ ಬರುವಾಗಲೇ ಅದು ಹಾಗಿತ್ತು ಅಂದುಬಿಟ್ಟರು. ಕಾರಲ್ಲಿ ಕೇಳಿದೆ, ಭರ್ಜರಿಯಾಗಿದೆ ಅಂತ ಡ್ರಮ್ಮರ್ ಲಾರ್ಸ್ ಉಲ್ರಿಕ್ ಸಮರ್ಥನೆ. ಮತ್ತೆ ಮಿಕ್ಸ್ ಮಾಡಿ ಅಂತ 10,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ಹೊತ್ತಿಗೆ ಆಲ್ಬಂ ಅಮೆರಿಕದಲ್ಲಿ ನಂಬರ್ 1. ಮುಂದಿನ ಫೆಬ್ರವರಿಯಲ್ಲಿ ರೂಬಿನ್‌ಗೆ ವರ್ಷದ ಪ್ರೊಡ್ಯೂಸರ್ ಅಂತ ಗ್ರ್ಯಾಮಿ! ಪ್ರಶಸ್ತಿಗೆ ಲೆಕ್ಕಕ್ಕೆ ಬಂದ ಕೆಲಸಗಳಲ್ಲಿ ಇದೂ ಒಂದು.

ಹಾಗಾದ್ರೆ ತಪ್ಪು ಯಾರದು? ಮಿಕ್ಸ್ ಮಾಡಿದವರು ಬೇರೆ, ಬ್ಯಾಂಡಿಗೇ ಹಾಗೆ ಬೇಕಿತ್ತು, ರೂಬಿನ್ ಏನು ಮಾಡ್ತಾನೆ ಪಾಪ ಅನ್ನೋ ಗುಂಪೊಂದಿದೆ. ನಾನು ಆ ಗುಂಪಲ್ಲಿಲ್ಲ. 2023ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಅವನೇ ಹೇಳಿದ: ನಂಗೆ ಸೌಂಡ್‌ಬೋರ್ಡ್ ಓಡಿಸೋಕೆ ಬರಲ್ಲ, ಜನ ದುಡ್ಡು ಕೊಡೋದು ನನ್ನ ಅಭಿರುಚಿಗೆ. ಸರಿ, ಕೋಡ್ ಬರೆಯದ ಒಳ್ಳೇ ಮ್ಯಾನೇಜರುಗಳನ್ನು ನಾವೂ ನೋಡಿದೀವಿ. ಆದ್ರೆ ರುಚಿ ನೋಡೋದೇ ಕೆಲಸ ಅಂದಮೇಲೆ ಉಪ್ಪು ಜಾಸ್ತಿಯಾಗಿದ್ದು ನಂಗೊತ್ತಿಲ್ಲ ಅನ್ನೋಕಾಗುತ್ತಾ? 2013ರಲ್ಲಿ ಬ್ಲ್ಯಾಕ್ ಸಬ್ಬಾತ್‌ನ '13' ಬಂದಾಗಲೂ ಅದೇ ದೂರು, ಅದೂ ನಂಬರ್ 1.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂತು. ಅಷ್ಟು ಜೋರಿನ ನಡುವೆಯೂ ಡ್ರಮ್ಮಿನ ಏಟು ಏಟಾಗಿಯೇ ಕೇಳ್ತಿತ್ತು.

ಈಗ ಸ್ಪಾಟಿಫೈಯಂಥವು ಎಲ್ಲ ಹಾಡುಗಳನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಜೋರಾಗಿದ್ದು ಮಾಡಿದ ಲಾಭ ಹೋಯ್ತು, ಕತ್ತರಿಸಿದ್ದು ಮಾತ್ರ ವಾಪಸ್ ಬರಲ್ಲ. ಒಳ್ಳೇ ಹೆಡ್‌ಫೋನ್ ಇದ್ರೆ ಎರಡನ್ನೂ ಒಂದಾದ ಮೇಲೊಂದು ಹಾಕಿ ನೋಡಿ. ಕ್ಯಾಶ್ ಉಸಿರು ಎಳೆದುಕೊಳ್ಳೋದೂ ಕೇಳುತ್ತೆ. 'ದಿ ಡೇ ದಟ್ ನೆವರ್ ಕಮ್ಸ್'ನಲ್ಲಿ ಡ್ರಮ್ ಬಿದ್ದಾಗೆಲ್ಲ ಚರ್ರ್ ಅನ್ನುತ್ತೆ.